ನಾರ್ಮನ್ ಬೋವೆನ್ ಮತ್ತು ಅಗ್ನಿಶಿಲೆಗಳ ವಂಶಕಥೆ

ಕಲ್ಲು ಎಂಬ ಮಾತು ಕನ್ನಡದಲ್ಲಿ ಬಹುಕಾಲದಿಂದ ಸ್ಥಿರತೆಗೂ ಜಡತೆಗೂ ಸಂಕೇತವಾಗಿ ಬಳಕೆಯಾಗುತ್ತ ಬಂದಿದೆ. ದಾನವನ್ನೂ ವೀರನ ಮರಣವನ್ನೂ ಆಚಂದ್ರಾರ್ಕವಾಗಿ ಉಳಿಸಬಯಸಿದವರು ಕಲ್ಲನ್ನೇ ಆರಿಸಿಕೊಂಡದ್ದು ಅದು ಬದಲಾಗದ ವಸ್ತುವೆಂಬ ನಂಬಿಕೆಯಿಂದ. ಆದರೆ ಶಾಸನ ಕೆತ್ತುವ ಮೊದಲೇ ಆ ಕಲ್ಲಿಗೊಂದು ಚರಿತ್ರೆಯಿದೆ. ಅದು ಒಮ್ಮೆ ದ್ರವವಾಗಿತ್ತು, ಕಾಲಕ್ರಮದಲ್ಲಿ ತಣಿಯಿತು, ತಣಿಯುವಾಗ ಅದರಲ್ಲಿ ಖನಿಜಗಳು ಒಂದಾದ ಮೇಲೊಂದರಂತೆ ಹರಳುಗಟ್ಟಿದವು, ಮೊದಲು ಹುಟ್ಟಿದ ಹರಳು ಕೆಲವೊಮ್ಮೆ ಕರಗಿ ಇನ್ನೊಂದಕ್ಕೆ ಎಡೆಮಾಡಿಕೊಟ್ಟಿತು. ಈ ಚರಿತ್ರೆಯನ್ನು ಊಹೆಯ ನೆಲೆಯಿಂದ ಪ್ರಯೋಗದ ನೆಲೆಗೆ ತಂದವರಲ್ಲಿ ನಾರ್ಮನ್ ಲೆವಿ ಬೋವೆನ್ ಅಗ್ರಗಣ್ಯರು. ಭೂವಿಜ್ಞಾನದ ಯಾವ ಪಠ್ಯಪುಸ್ತಕವನ್ನು ತೆರೆದರೂ ಬೋವೆನ್ನರ ಪ್ರತಿಕ್ರಿಯಾ ಶ್ರೇಣಿ ಎಂಬ ಚಿತ್ರ ಕಾಣಸಿಗುತ್ತದೆ. ಆ ಚಿತ್ರವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳಿಗೆ ಅದರ ಹಿಂದಿರುವ ನಾಲ್ಕು ದಶಕಗಳ ದುಡಿಮೆಯಾಗಲಿ ಜಗಳಗಳಾಗಲಿ ತಿಳಿದಿರುವುದು ಕಡಿಮೆ.

ಬೋವೆನ್ ಹುಟ್ಟಿದ್ದು 1887ರ ಜೂನ್ 21ರಂದು, ಕೆನಡಾ ದೇಶದ ಒಂಟಾರಿಯೊ ಪ್ರಾಂತದ ಕಿಂಗ್‌ಸ್ಟನ್ ಪಟ್ಟಣದಲ್ಲಿ. ತಂದೆ ಇಂಗ್ಲೆಂಡಿನಿಂದ ವಲಸೆ ಬಂದವರು. ಊರಿನಲ್ಲೇ ಇದ್ದ ಕ್ವೀನ್ಸ್ ವಿಶ್ವವಿದ್ಯಾಲಯಕ್ಕೆ 1903ರಲ್ಲಿ ಸೇರಿ 1907ರಲ್ಲಿ ಎಂ.ಎ. ಪದವಿಯನ್ನೂ, ಆ ಬಳಿಕ ಖನಿಜಶಾಸ್ತ್ರ ಮತ್ತು ಭೂವಿಜ್ಞಾನಗಳ ಕಡೆ ಹೊರಳಿ 1909ರಲ್ಲಿ ಬಿ.ಎಸ್‌ಸಿ. ಪದವಿಯನ್ನೂ ಪಡೆದರು. ಬೇಸಗೆಯಲ್ಲಿ ಒಂಟಾರಿಯೊ ಗಣಿ ಇಲಾಖೆಯ ಕ್ಷೇತ್ರಕಾರ್ಯಕ್ಕೆ ಹೋಗುತ್ತಿದ್ದ ಈ ತರುಣನಿಗೆ ಗೌಗಾಂಡ ಸರೋವರದ ಸುತ್ತಲಿನ ಶಿಲೆಗಳು ಬದುಕಿನ ಪ್ರಶ್ನೆಯನ್ನೇ ಒಡ್ಡಿದವು. ಅಲ್ಲಿ ಡಯಬೇಸ್ ಎಂಬ ಕಪ್ಪು ಶಿಲೆಯೂ ಗ್ರಾನೊಫೈರ್ ಎಂಬ ಕೆಂಬಣ್ಣದ, ಬೆಣಚು ತುಂಬಿದ ಶಿಲೆಯೂ ಒಂದರ ಪಕ್ಕದಲ್ಲೊಂದು ಒಡಹುಟ್ಟಿದವರಂತೆ ಇದ್ದವು. ರೂಪದಲ್ಲಿಯೂ ರಸಾಯನದಲ್ಲಿಯೂ ಇಷ್ಟು ಭಿನ್ನವಾದ ಎರಡು ಶಿಲೆಗಳು ಒಂದೇ ತಾಯಿಯ ಮಕ್ಕಳೇ, ಅಥವಾ ಹತ್ತಿರ ಬಂದ ಅಪರಿಚಿತರೇ? ಈ ವಿಷಯವಾಗಿ ಅವರು ಬರೆದ ಲೇಖನ 1910ರಲ್ಲಿ ಪ್ರಕಟವಾಯಿತು. ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಈ ಪ್ರಶ್ನೆಯ ಗಾತ್ರವನ್ನು ಅರಿಯಬೇಕಾದರೆ ಅಂದಿನ ಶಿಲಾಶಾಸ್ತ್ರದ ಸ್ಥಿತಿಯನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ವಿದ್ವಾಂಸರು ಸೂಕ್ಷ್ಮದರ್ಶಕದ ನೆರವಿನಿಂದ ಅಗ್ನಿಶಿಲೆಗಳಿಗೆ ನೂರಾರು ಹೆಸರುಗಳನ್ನು ಇಟ್ಟಿದ್ದರು. ಆದರೆ ಹೆಸರಿಡುವುದು ಬೇರೆ, ಹುಟ್ಟನ್ನು ವಿವರಿಸುವುದು ಬೇರೆ. ಭೂಗರ್ಭದಲ್ಲಿ ಮೂಲತಃ ಎರಡು ಬಗೆಯ ಶಿಲಾರಸಗಳಿದ್ದು ಅವುಗಳ ಮಿಶ್ರಣದಿಂದ ಉಳಿದೆಲ್ಲವೂ ಹುಟ್ಟಿದವೆಂದು ಬುನ್ಸೆನ್ ಪ್ರತಿಪಾದಿಸಿದ್ದರು. ಎಣ್ಣೆ ನೀರುಗಳಂತೆ ಒಂದೇ ರಸ ಎರಡಾಗಿ ಬೇರ್ಪಡುತ್ತದೆಂದು ಕೆಲವರೂ, ಕರಗಿದ ಬಸಾಲ್ಟ್ ಸುತ್ತಲ ಶಿಲೆಗಳನ್ನು ನುಂಗಿ ಜೀರ್ಣಿಸಿಕೊಂಡು ಹೊಸ ರೂಪ ತಾಳುತ್ತದೆಂದು ಕೆಲವರೂ ನಂಬಿದ್ದರು. ಹರಳುಗಳು ಲಾವಾದಲ್ಲಿ ಮುಳುಗಿ ತಳ ಸೇರುವುದರಿಂದ ಉಳಿದ ದ್ರವದ ಗುಣ ಬದಲಾಗಬಹುದೆಂಬ ಸೂಚನೆಯನ್ನು ಚಾರ್ಲ್ಸ್ ಡಾರ್ವಿನ್ 1844ರಷ್ಟು ಹಿಂದೆಯೇ ಜ್ವಾಲಾಮುಖಿ ದ್ವೀಪಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಕೊಟ್ಟಿದ್ದರು. ಜೀವಿಗಳ ವಿಕಾಸವನ್ನು ಹೇಳಿದವರೇ ಶಿಲೆಗಳ ವಿಕಾಸದ ಬೀಜವನ್ನೂ ಬಿತ್ತಿದರೆಂಬುದು ಗಮನಿಸತಕ್ಕ ಸಂಗತಿ. ಈ ವಾದಗಳಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಒರೆಗಲ್ಲು ಮಾತ್ರ ಯಾರ ಬಳಿಯೂ ಇರಲಿಲ್ಲ.

ಆ ಒರೆಗಲ್ಲು ಸಿದ್ಧವಾಗುತ್ತಿದ್ದದ್ದು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ. ಕಾರ್ನೆಗಿ ಸಂಸ್ಥೆ 1905ರಲ್ಲಿ ಜಿಯೋಫಿಸಿಕಲ್ ಲ್ಯಾಬೊರೇಟರಿಯನ್ನು ಸ್ಥಾಪಿಸಿ, ಕಲ್ಲು ಕರಗುವ ಉಷ್ಣತೆಗಳನ್ನು ನಿಖರವಾಗಿ ಅಳೆಯುವ ಕೆಲಸವನ್ನು ಆರ್ಥರ್ ಡೇ ಎಂಬ ಭೌತವಿಜ್ಞಾನಿಯ ನಿರ್ದೇಶನದಲ್ಲಿ ಆರಂಭಿಸಿತ್ತು. 1909ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಡಾಕ್ಟರೇಟ್ ಅಧ್ಯಯನಕ್ಕೆ ಬಂದ ಬೋವೆನ್ ಅಲ್ಲಿ ರೆಜಿನಾಲ್ಡ್ ಡೇಲಿಯವರ ಪ್ರಭಾವಕ್ಕೆ ಒಳಗಾದರು. 1910ರಲ್ಲಿ ಪ್ರಬಂಧದ ಪ್ರಯೋಗಗಳಿಗಾಗಿ ವಾಷಿಂಗ್ಟನ್ನಿನ ಪ್ರಯೋಗಾಲಯವನ್ನು ಪ್ರವೇಶಿಸಿದರು. 1911ರಲ್ಲಿ ಮೇರಿ ಲಾಮಾಂಟ್ ಅವರೊಡನೆ ವಿವಾಹವಾಯಿತು. ಈ ದಂಪತಿಗೆ ಒಬ್ಬಳೇ ಮಗಳು. ನೆಫೆಲಿನ್ ಮತ್ತು ಅನಾರ್ಥೈಟ್ ಖನಿಜಗಳ ಸಂಬಂಧವನ್ನು ಕುರಿತ ಪ್ರಬಂಧಕ್ಕೆ 1912ರಲ್ಲಿ ಡಾಕ್ಟರೇಟ್ ದೊರೆಯಿತು. ಅದೇ ವರ್ಷ ಅವರು ಪ್ರಯೋಗಾಲಯದ ಸಿಬ್ಬಂದಿಯಾದರು. ಗುರು ಡೇಲಿಯವರು ಶಿಲಾರಸ ಸುತ್ತಲ ಶಿಲೆಯನ್ನು ನುಂಗುವುದಕ್ಕೆ ಬಹಳ ಮಹತ್ವ ಕೊಟ್ಟವರು. ಶಿಷ್ಯನ ಮುಂದಿನ ಸಿದ್ಧಾಂತ ಆ ಮಹತ್ವವನ್ನು ಬಹುಮಟ್ಟಿಗೆ ಕುಗ್ಗಿಸಿತು.

ಪ್ರಯೋಗದ ವಿಧಾನವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಬೋವೆನ್ನರ ವಿಚಾರಗಳಿಗೆಲ್ಲ ಅದೇ ತಳಹದಿ. ಶುದ್ಧ ರಾಸಾಯನಿಕಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿ, ಕರಗಿಸಿ, ಗಾಜಿನಂಥ ವಸ್ತುವನ್ನು ಮಾಡಿಕೊಳ್ಳುವುದು ಮೊದಲ ಹಂತ. ಅದರ ಒಂದು ಚಿಟಿಕೆಯನ್ನು ಪ್ಲಾಟಿನಂ ತಗಡಿನಲ್ಲಿ ಸುತ್ತಿ ವಿದ್ಯುತ್ ಕುಲುಮೆಯಲ್ಲಿ ತೂಗುಬಿಟ್ಟು, ನಿಶ್ಚಿತ ಉಷ್ಣತೆಯಲ್ಲಿ ಗಂಟೆಗಟ್ಟಲೆ ಇರಿಸುತ್ತಿದ್ದರು. ಬಳಿಕ ಅದನ್ನು ಒಮ್ಮೆಲೇ ಕೆಳಗಿದ್ದ ಪಾದರಸದ ಪಾತ್ರೆಗೆ ಬೀಳಿಸುತ್ತಿದ್ದರು. ಥಟ್ಟನೆ ತಣಿದುದರಿಂದ ಆ ಕ್ಷಣದಲ್ಲಿ ದ್ರವವಾಗಿದ್ದ ಭಾಗ ಗಾಜಾಗಿಯೂ ಹರಳಾಗಿದ್ದ ಭಾಗ ಹರಳಾಗಿಯೂ ಹಾಗೆಯೇ ನಿಂತುಬಿಡುತ್ತಿತ್ತು. ಪುಡಿಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಉಷ್ಣತೆಯಲ್ಲಿ ಯಾವ ಖನಿಜ ಯಾವ ದ್ರವದೊಡನೆ ಬಾಳುತ್ತಿತ್ತೆಂಬುದು ತಿಳಿಯುತ್ತಿತ್ತು. ಈ ವಿಧಾನವನ್ನು ಬೋವೆನ್ ಕಂಡುಹಿಡಿದವರಲ್ಲ, ಪ್ರಯೋಗಾಲಯದ ಹಿರಿಯರು ರೂಪಿಸಿದ್ದನ್ನು ಬಳಸಿಕೊಂಡವರು. ಆದರೆ ಕುಲುಮೆಯ ಅಂಕಿಗಳಿಂದ ಬೆಟ್ಟದ ಕಥೆಯನ್ನು ಓದುವ ಕಣ್ಣು ಅವರದು.

ಮೊದಲ ದೊಡ್ಡ ಫಲ ಬಂದದ್ದು 1913ರಲ್ಲಿ, ಪ್ಲೇಜಿಯೋಕ್ಲೇಸ್ ಫೆಲ್ಡ್‌ಸ್ಪಾರುಗಳ ವಿಷಯದಲ್ಲಿ. ಭೂಮಿಯ ಹೊರಪದರದಲ್ಲಿ ಅತಿ ಹೇರಳವಾದ ಈ ಖನಿಜಕುಲದ ಒಂದು ತುದಿಯಲ್ಲಿ ಸುಣ್ಣದಂಶವಿರುವ ಅನಾರ್ಥೈಟ್, ಇನ್ನೊಂದು ತುದಿಯಲ್ಲಿ ಸೋಡಿಯಂ ಅಂಶವಿರುವ ಆಲ್ಬೈಟ್. ನಡುವೆ ಎಲ್ಲ ಪ್ರಮಾಣದ ಮಿಶ್ರಣಗಳೂ ಸಾಧ್ಯ. ಅನಾರ್ಥೈಟ್ ಸುಮಾರು 1550 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಆಲ್ಬೈಟ್ ಸುಮಾರು 1100 ಡಿಗ್ರಿಯಲ್ಲಿಯೂ ಕರಗುತ್ತವೆ. ಮಿಶ್ರಣ ತಣಿಯುವಾಗ ಮೊದಲು ಹುಟ್ಟುವ ಹರಳಿನಲ್ಲಿ ಸುಣ್ಣದಂಶ ದ್ರವದಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿರುತ್ತದೆಂದೂ, ತಣಿಯುತ್ತ ಹೋದಂತೆ ಹರಳು ದ್ರವದೊಡನೆ ಸತತವಾಗಿ ಕೊಡುಕೊಳ್ಳುವಿಕೆ ನಡೆಸಿ ಸೋಡಿಯಂ ಕಡೆಗೆ ಸರಿಯುತ್ತದೆಂದೂ ಬೋವೆನ್ ಅಳತೆಗಳಿಂದ ತೋರಿಸಿದರು. ತಣಿಯುವಿಕೆ ಬೇಗ ನಡೆದರೆ ಈ ವ್ಯವಹಾರ ಪೂರ್ತಿಯಾಗದೆ ಹರಳಿನ ನಡುವಿನಲ್ಲಿ ಹಳೆಯ ರಚನೆ ಉಳಿದು, ಮೇಲೆ ಹೊಸ ಪದರಗಳು ಕಟ್ಟಿಕೊಳ್ಳುತ್ತವೆ. ಶಿಲಾಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ದಿನವೂ ಕಾಣುತ್ತಿದ್ದ ವಲಯಗಳುಳ್ಳ ಫೆಲ್ಡ್‌ಸ್ಪಾರಿಗೆ ಹೀಗೆ ಅರ್ಥ ದೊರೆಯಿತು. ಓಲೆಗರಿಗಳಲ್ಲಿ ಪಾಠಾಂತರಗಳನ್ನು ಹೋಲಿಸಿ ಮೂಲಪಾಠವನ್ನು ಹುಡುಕುವ ಗ್ರಂಥಸಂಪಾದಕನಿಗೆ ಈ ಪದರಗಳ ಮಹತ್ವವನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಮರುವರ್ಷ ಓಲಾಫ್ ಆಂಡರ್ಸನ್ ಅವರೊಡನೆ ಪ್ರಕಟಿಸಿದ ಮೆಗ್ನೀಷಿಯ ಮತ್ತು ಸಿಲಿಕಗಳ ಅಧ್ಯಯನ ಇನ್ನೂ ಹೆಚ್ಚು ಅನಿರೀಕ್ಷಿತವಾದುದು. ಪೈರಾಕ್ಸೀನ್ ಕುಲದ ಎನ್‌ಸ್ಟಟೈಟನ್ನು ಕಾಯಿಸಿದರೆ ಅದು ಬೆಣ್ಣೆಯಂತೆ ನೇರವಾಗಿ ಕರಗುವುದಿಲ್ಲ. ಸುಮಾರು 1557 ಡಿಗ್ರಿಯಲ್ಲಿ ಒಡೆದು ಆಲಿವಿನ್ ಹರಳುಗಳಾಗಿಯೂ ಸಿಲಿಕ ಹೆಚ್ಚಿರುವ ದ್ರವವಾಗಿಯೂ ಬೇರ್ಪಡುತ್ತದೆ. ಇದನ್ನು ಹಿಂದುಮುಂದಾಗಿಸಿ ನೋಡಿದರೆ, ತಣಿಯುವ ದ್ರವದಲ್ಲಿ ಮೊದಲು ಆಲಿವಿನ್ ಹುಟ್ಟುತ್ತದೆ, ಅನಂತರ ಅದೇ ಆಲಿವಿನ್ ದ್ರವದೊಡನೆ ಪ್ರತಿಕ್ರಿಯಿಸಿ ಪೈರಾಕ್ಸೀನ್ ಆಗುತ್ತದೆ. ಆ ಆಲಿವಿನ್ ದ್ರವದ ಸಂಪರ್ಕದಿಂದ ತಪ್ಪಿಹೋದರೆ ಏನಾದೀತು? ಅದು ತಳಕ್ಕಿಳಿದರೂ ಸರಿ, ಪೈರಾಕ್ಸೀನಿನ ಕವಚದೊಳಗೆ ಸೆರೆಯಾದರೂ ಸರಿ, ಪ್ರತಿಕ್ರಿಯೆಗೆ ಒಳಗಾಗಬೇಕಾದ ವಸ್ತು ಇಲ್ಲವಾಗಿ, ಉಳಿದ ದ್ರವ ಸಿಲಿಕದಿಂದ ಶ್ರೀಮಂತವಾಗುತ್ತ ಕೊನೆಗೆ ಬೆಣಚನ್ನು ಹೆರುತ್ತದೆ. ಸಿಲಿಕ ಸಾಲದ ಕಲ್ಲೂ ಸಿಲಿಕ ತುಂಬಿ ತುಳುಕುವ ಕಲ್ಲೂ ಒಂದೇ ರಸದಿಂದ ಹುಟ್ಟಬಹುದೆಂಬುದಕ್ಕೆ ಮೊದಲ ಖಚಿತ ಆಧಾರ ಇದು. ಗೌಗಾಂಡದ ಕಪ್ಪು ಕಲ್ಲು ಮತ್ತು ಕೆಂಪು ಕಲ್ಲುಗಳ ಒಗಟು ಬಿಡಿಸಿಕೊಳ್ಳತೊಡಗಿತ್ತು.

ಹರಳು ನಿಜವಾಗಿ ಮುಳುಗುತ್ತದೆಯೇ ಎಂಬುದನ್ನೂ ಬೋವೆನ್ ಊಹೆಗೆ ಬಿಡಲಿಲ್ಲ. 1915ರಲ್ಲಿ ಸಣ್ಣ ಮೂಸೆಯಲ್ಲಿ ಕರಗಿದ ಸಿಲಿಕೇಟನ್ನು ಹರಳುಗಟ್ಟುವ ಉಷ್ಣತೆಯಲ್ಲಿ ಕೊಂಚ ಕಾಲ ನಿಲ್ಲಿಸಿ, ತಣಿಸಿ, ಕತ್ತರಿಸಿ ನೋಡಿದರು. ಆಲಿವಿನ್ ಮತ್ತು ಪೈರಾಕ್ಸೀನ್ ತಳದಲ್ಲಿ ಸೇರಿದ್ದವು. ಹಗುರವಾದ ಟ್ರಿಡಿಮೈಟ್ ಮೇಲೆ ತೇಲಿತ್ತು. ಪ್ರಕೃತಿ ಸಾವಿರಾರು ವರ್ಷಗಳಲ್ಲಿ ಮೈಲಿಗಟ್ಟಲೆ ಆಳದ ಕೊಳದಲ್ಲಿ ನಡೆಸುವ ಕಾರ್ಯ ಬೆರಳಗಾತ್ರದ ಮೂಸೆಯಲ್ಲಿ ಕಣ್ಣಿಗೆ ಕಂಡಿತು. ಅದೇ ವರ್ಷ ಪ್ರಕಟವಾದ ದೀರ್ಘ ಪ್ರಬಂಧದಲ್ಲಿ, ಬಸಾಲ್ಟ್ ರಸವೊಂದರಿಂದಲೇ ಹರಳುಗಳ ಬೇರ್ಪಡೆಯ ಮೂಲಕ ಡಯೊರೈಟ್, ಗ್ರಾನೈಟ್ ಮೊದಲಾದ ಬಹುತೇಕ ಅಗ್ನಿಶಿಲೆಗಳು ಹುಟ್ಟಬಹುದೆಂಬ ಸಮಗ್ರ ವಾದವನ್ನು ಮಂಡಿಸಿದರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ.

ಒಂದನೆಯ ಮಹಾಯುದ್ಧ ಈ ಕೆಲಸವನ್ನು ತಡೆಯಿತು. ದೂರದರ್ಶಕ, ದುರ್ಬೀನುಗಳಿಗೆ ಬೇಕಾದ ಗಾಜು ಜರ್ಮನಿಯಿಂದ ಬರುವುದು ನಿಂತಾಗ ಅದನ್ನು ಅಮೆರಿಕದಲ್ಲೇ ತಯಾರಿಸುವ ಹೊಣೆ ಪ್ರಯೋಗಾಲಯದ ಮೇಲೆ ಬಿತ್ತು. ಗಾಜಿನಲ್ಲಿ ಕಾಣಿಸಿಕೊಳ್ಳುವ ಕಲ್ಲಿನ ಚೂರುಗಳನ್ನು ಗುರುತಿಸಿ ಅವುಗಳ ಮೂಲವನ್ನು ಪತ್ತೆಮಾಡುವ ಕೆಲಸ ಬೋವೆನ್ನರದಾಯಿತು. ಯುದ್ಧಾನಂತರ 1919ರಲ್ಲಿ ತಾವು ಓದಿದ ಕ್ವೀನ್ಸ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರೂ ಹೆಚ್ಚು ಕಾಲ ನಿಲ್ಲಲಿಲ್ಲ. 1920ರಲ್ಲಿ ಕುಲುಮೆಗಳ ಬಳಿಗೆ ಮರಳಿದರು. ಮುಂದೆ 1924ರಲ್ಲಿ ಗ್ರೆಯಿಗ್ ಅವರೊಡನೆ ನಡೆಸಿದ ಅಲ್ಯುಮಿನ ಮತ್ತು ಸಿಲಿಕಗಳ ಅಧ್ಯಯನದಿಂದ ಮುಲ್ಲೈಟ್ ಎಂಬ ಖನಿಜದ ಸ್ವರೂಪ ತಿಳಿದು, ಪಿಂಗಾಣಿ ಮತ್ತು ಬೆಂಕಿಯಿಟ್ಟಿಗೆಯ ಉದ್ಯಮಗಳಿಗೆ ದೊಡ್ಡ ಪ್ರಯೋಜನವಾಯಿತು. ಸ್ಕಾಟ್ಲೆಂಡಿನ ಮಲ್ ದ್ವೀಪದಲ್ಲಿ ಸಿಕ್ಕಿದ್ದರಿಂದ ಅದಕ್ಕೆ ಆ ಹೆಸರು.

1922ರಲ್ಲಿ ಪ್ರಕಟವಾದ ಪ್ರತಿಕ್ರಿಯಾ ತತ್ತ್ವದ ಲೇಖನ ಅದುವರೆಗಿನ ಬಿಡಿ ಪ್ರಯೋಗಗಳನ್ನೆಲ್ಲ ಒಂದು ಸೂತ್ರದಲ್ಲಿ ಪೋಣಿಸಿತು. ಶಿಲಾರಸ ತಣಿಯುವಾಗ ಖನಿಜಗಳು ಎರಡು ಸಾಲುಗಳಾಗಿ ಬರುತ್ತವೆ. ಒಂದು ಸಾಲಿನಲ್ಲಿ ಸುಣ್ಣದ ಫೆಲ್ಡ್‌ಸ್ಪಾರಿನಿಂದ ಸೋಡಿಯಂ ಫೆಲ್ಡ್‌ಸ್ಪಾರಿನವರೆಗೆ ಅಖಂಡವಾದ ಬದಲಾವಣೆ. ಇನ್ನೊಂದರಲ್ಲಿ ಮೆಟ್ಟಿಲು ಮೆಟ್ಟಿಲಾದ ಜಿಗಿತ: ಆಲಿವಿನ್, ಪೈರಾಕ್ಸೀನ್, ಆಂಫಿಬೋಲ್, ಬಯೊಟೈಟ್ ಎಂಬ ಕಪ್ಪು ಅಭ್ರಕ. ಎರಡು ಸಾಲುಗಳೂ ಕೆಳಗೆ ಕೂಡಿ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್, ಬಿಳಿ ಅಭ್ರಕ, ಬೆಣಚುಗಳಲ್ಲಿ ಮುಗಿಯುತ್ತವೆ. ಇದು ಖನಿಜಗಳು ಹುಟ್ಟುವ ಸರದಿಯ ಪಟ್ಟಿ ಮಾತ್ರವೆಂದು ತಿಳಿಯುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದ ತಪ್ಪು. ಬೋವೆನ್ನರ ಒತ್ತು ಇದ್ದದ್ದು ಸರದಿಯ ಮೇಲಲ್ಲ, ಪ್ರತಿಕ್ರಿಯೆಯ ಮೇಲೆ. ಮೊದಲು ಹುಟ್ಟಿದ ಖನಿಜ ಮುಂದಿನದರೊಡನೆ ಸುಮ್ಮನೆ ನೆರೆಯಲ್ಲಿರುವುದಿಲ್ಲ. ದ್ರವದೊಡನೆ ವ್ಯವಹರಿಸಿ ಮುಂದಿನದಾಗಿ ಮಾರ್ಪಡಲು ಯತ್ನಿಸುತ್ತದೆ. ಆ ಯತ್ನಕ್ಕೆ ಎಷ್ಟು ಅಡ್ಡಿಯಾಯಿತೆಂಬುದರ ಮೇಲೆ ಕೊನೆಯ ದ್ರವ ಎಷ್ಟು ದೂರ ಸಾಗೀತೆಂಬುದು ನಿಂತಿದೆ.

1927ರ ವಸಂತದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸಗಳು ಮರುವರ್ಷ ಅಗ್ನಿಶಿಲೆಗಳ ವಿಕಾಸ ಎಂಬರ್ಥದ ಹೆಸರಿನ ಗ್ರಂಥವಾಗಿ ಹೊರಬಂದವು. ಶಿಲಾಶಾಸ್ತ್ರದಲ್ಲಿ ಇಷ್ಟು ಪ್ರಭಾವ ಬೀರಿದ ಇನ್ನೊಂದು ಪುಸ್ತಕ ಆ ಶತಮಾನದಲ್ಲಿ ಬರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ವಾಕ್ಯಗಳು ಹ್ರಸ್ವ, ವಾದ ಹರಿತ, ಎದುರಾಳಿಯನ್ನು ಕುಟುಕುವಾಗಲೂ ವಿನೋದ ಮಾಸದು. ಶಿಲಾರಸದಲ್ಲಿ ಕರಗಿರುವ ನೀರಾವಿಯಂಥ ಆವಿಶೀಲ ದ್ರವ್ಯಗಳಿಗೆ ವಿವರಿಸಲಾಗದ ಎಲ್ಲವನ್ನೂ ಹೊರಿಸುವ ಪದ್ಧತಿಯನ್ನು, ಹೇಳಿದ ಕೆಲಸವನ್ನೆಲ್ಲ ಮಾಡಿಕೊಡುವ ಭೂತವನ್ನು ಸಾಕಿಕೊಂಡಂತೆ ಎಂಬ ಧಾಟಿಯಲ್ಲಿ ಅವರು ಅಲ್ಲಿ ಹಾಸ್ಯಮಾಡಿದ್ದಾರೆ. ಬಸಾಲ್ಟ್ ರಸ ಎಲ್ಲಿಂದ ಬಂತೆಂಬ ಪ್ರಶ್ನೆಗೂ ಉತ್ತರವನ್ನು ಯತ್ನಿಸಿದ್ದಾರೆ: ಆಳದಲ್ಲಿರುವ ಪೆರಿಡೊಟೈಟ್ ಶಿಲೆ ಒತ್ತಡ ಇಳಿದಾಗ ಭಾಗಶಃ ಕರಗಿ ಬಸಾಲ್ಟ್ ಆಗುತ್ತದೆಂಬ ಅವರ ಸೂಚನೆ ಮುಂದಿನ ದಶಕಗಳಲ್ಲಿ ಬಹುಮಟ್ಟಿಗೆ ಸರಿಯೆಂದು ತೇರ್ಗಡೆಯಾಯಿತು.

ಆದರೆ ಗ್ರಂಥ ಬಂದ ಮರುವರ್ಷವೇ ಅದಕ್ಕೆ ಪೆಟ್ಟು ಬಿತ್ತು, ಅದೂ ಅದೇ ಪ್ರಯೋಗಾಲಯದ ಇನ್ನೊಂದು ಕೋಣೆಯಿಂದ. ಸಹೋದ್ಯೋಗಿ ಕ್ಲಾರೆನ್ಸ್ ಫೆನ್ನರ್ 1929ರಲ್ಲಿ, ಬಸಾಲ್ಟ್ ಹರಳುಗಟ್ಟುತ್ತ ಹೋದಂತೆ ಉಳಿಯುವ ದ್ರವದಲ್ಲಿ ಹೆಚ್ಚುವುದು ಸಿಲಿಕವಲ್ಲ, ಕಬ್ಬಿಣ ಎಂದು ವಾದಿಸಿದರು. ಇದು ನಿಜವಾದರೆ ಬೋವೆನ್ನರ ಮಾರ್ಗ ಗ್ರಾನೈಟನ್ನು ತಲಪುವುದೇ ಇಲ್ಲ. ಕಬ್ಬಿಣ ತುಂಬಿದ ಬೇರೊಂದು ಶಿಲೆಯಲ್ಲಿ ಕೊನೆಗೊಳ್ಳುತ್ತದೆ. ಬೋವೆನ್ನರ ಮೊದಲ ಪ್ರಯೋಗಗಳಲ್ಲಿ ಕಬ್ಬಿಣವಿರಲಿಲ್ಲವೆಂಬುದು ಈ ಆಕ್ಷೇಪದ ಮರ್ಮ. ಅದಕ್ಕೆ ಕಾರಣವೂ ಇತ್ತು. ಕಬ್ಬಿಣ ಗಾಳಿಯ ಆಮ್ಲಜನಕವನ್ನು ಹೀರಿ ಬೇರೆ ರೂಪಕ್ಕೆ ತಿರುಗುತ್ತದೆ. ಪ್ಲಾಟಿನಂ ಪಾತ್ರೆಯನ್ನೂ ಕೆಡಿಸುತ್ತದೆ.

ಬೋವೆನ್ ಈ ಆಕ್ಷೇಪಕ್ಕೆ ಮಾತಿನಿಂದ ಮಾತ್ರ ಉತ್ತರಿಸಲಿಲ್ಲವೆಂಬುದು ಅವರ ವ್ಯಕ್ತಿತ್ವವನ್ನು ಅರಿಯಲು ಮುಖ್ಯ. ಫ್ರಾಂಕ್ ಷೇರರ್ ಎಂಬ ತರುಣ ಸಹೋದ್ಯೋಗಿಯೊಡನೆ ಕಬ್ಬಿಣದ ಮೂಸೆಯನ್ನೇ ಬಳಸಿ, ಸುತ್ತ ಸಾರಜನಕ ತುಂಬಿಸಿ, ಕಬ್ಬಿಣದ ಆಕ್ಸೈಡ್ ಮತ್ತು ಸಿಲಿಕಗಳ ವ್ಯವಸ್ಥೆಯನ್ನು 1932ರಲ್ಲಿಯೂ, ಮೆಗ್ನೀಷಿಯವನ್ನೂ ಸೇರಿಸಿದ ವ್ಯವಸ್ಥೆಯನ್ನು 1935ರಲ್ಲಿಯೂ ಬಿಡಿಸಿಟ್ಟರು. ಆಲಿವಿನ್ ಮತ್ತು ಪೈರಾಕ್ಸೀನುಗಳಲ್ಲಿಯೂ ಮೆಗ್ನೀಷಿಯಂ ಮೊದಲು, ಕಬ್ಬಿಣ ಆಮೇಲೆ ಎಂಬ ಕ್ರಮವಿದೆಯೆಂದು ಇದರಿಂದ ಖಚಿತವಾಯಿತು. ಅಂದರೆ ಎದುರಾಳಿಯ ಮಾತಿನಲ್ಲಿ ತಿರುಳಿದೆಯೆಂಬುದನ್ನು ಅವರ ಸ್ವಂತ ಕುಲುಮೆಯೇ ಹೇಳತೊಡಗಿತ್ತು. 1939ರಲ್ಲಿ ವೇಜರ್ ಮತ್ತು ಡೀರ್ ಎಂಬ ಬ್ರಿಟಿಷ್ ವಿದ್ವಾಂಸರು ಗ್ರೀನ್‌ಲ್ಯಾಂಡಿನ ಸ್ಕಾರ್‌ಗಾರ್ಡ್ ಪ್ರದೇಶದ ಪದರಪದರವಾದ ಶಿಲಾರಾಶಿಯ ವರದಿಯನ್ನು ಪ್ರಕಟಿಸಿದಾಗ ಅಲ್ಲಿ ದ್ರವ ಕಬ್ಬಿಣದ ಕಡೆಗೇ ಸಾಗಿದ್ದದ್ದು ಸ್ಪಷ್ಟವಾಯಿತು. ಹರಳುಗಳ ಬೇರ್ಪಡೆಯಿಂದಲೇ ಶಿಲೆಗಳ ವೈವಿಧ್ಯ ಎಂಬ ಬೋವೆನ್ನರ ಮೂಲತತ್ತ್ವಕ್ಕೆ ಸ್ಕಾರ್‌ಗಾರ್ಡಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ಸಾಗಿದ ದಿಕ್ಕು ಫೆನ್ನರರದು. ಈ ಬಿಕ್ಕಟ್ಟು ಬೋವೆನ್ನರ ಜೀವಿತದಲ್ಲಿ ಪೂರ್ತಿ ಬಗೆಹರಿಯಲಿಲ್ಲ. 1959ರಲ್ಲಿ ಎಲ್ಬರ್ಟ್ ಆಸ್ಬರ್ನ್ ದ್ರವದಲ್ಲಿ ಆಮ್ಲಜನಕದ ಪ್ರಭಾವ ಎಷ್ಟಿದೆಯೆಂಬುದನ್ನು ಅವಲಂಬಿಸಿ ಎರಡು ದಾರಿಗಳೂ ತೆರೆದಿರುತ್ತವೆಂದು ತೋರಿಸಿದರು. ಆಮ್ಲಜನಕ ಹೆಚ್ಚಿದ್ದರೆ ಮ್ಯಾಗ್ನೆಟೈಟ್ ಬೇಗ ಹರಳಾಗಿ ಕಬ್ಬಿಣವನ್ನು ಕಳೆಯುತ್ತದೆ, ದ್ರವ ಸಿಲಿಕದತ್ತ ಹೋಗುತ್ತದೆ. ಕಡಿಮೆಯಿದ್ದರೆ ಕಬ್ಬಿಣ ದ್ರವದಲ್ಲೇ ಕೂಡುತ್ತದೆ.

ಬೋವೆನ್ನರ ನಿಲುವು ಪೂರ್ತಿಯಾಗಿ ಸೋತ ಪ್ರಸಂಗವೂ ಒಂದಿದೆ. ನಾರ್ವೆಯ ಫೆನ್ ಪ್ರದೇಶದ ಸುಣ್ಣದ ಕಾರ್ಬೊನೇಟ್ ಶಿಲೆಗಳು ಕರಗಿದ ರಸದಿಂದ ಹುಟ್ಟಿದವೆಂದು ಅಲ್ಲಿನ ಹಿರಿಯ ವಿದ್ವಾಂಸ ಬ್ರೋಗರ್ 1921ರಲ್ಲಿ ಪ್ರತಿಪಾದಿಸಿದ್ದರು. ಬೋವೆನ್ 1924ರಲ್ಲಿ ಅದನ್ನು ಅಲ್ಲಗಳೆದು, ಮೊದಲಿದ್ದ ಸಿಲಿಕೇಟ್ ಶಿಲೆಯನ್ನು ಬಿಸಿ ದ್ರಾವಣಗಳು ಕಾರ್ಬೊನೇಟಾಗಿ ಮಾರ್ಪಡಿಸಿವೆಯೆಂದರು. ಕ್ಯಾಲ್ಸೈಟ್ ಕರಗಲು ಬೇಕಾಗುವ ಉಷ್ಣತೆ ನಂಬಲಾಗದಷ್ಟು ಹೆಚ್ಚೆಂಬುದು ಈ ಬಗೆಯ ಸಂಶಯಕ್ಕೆ ದೊಡ್ಡ ಆಸರೆಯಾಗಿತ್ತು. ನೀರಿನ ಒತ್ತಡವಿದ್ದರೆ ಕ್ಯಾಲ್ಸೈಟ್ ಬಹಳ ಕಡಿಮೆ ಉಷ್ಣತೆಯಲ್ಲಿ ಕರಗುತ್ತದೆಂದು 1960ರಲ್ಲಿ ತೋರಿಸಿದವರು ವೈಲಿ ಮತ್ತು ಟಟಲ್. ಇವರಲ್ಲಿ ಎರಡನೆಯವರು ಬೋವೆನ್ನರ ಕೊನೆಯ ಸಹೋದ್ಯೋಗಿ. ಅದೇ ವರ್ಷ ಆಫ್ರಿಕದ ಓಲ್ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿ ಕಾರ್ಬೊನೇಟ್ ಲಾವಾವನ್ನೇ ಉಗುಳಿತು. ಮುಂಬೈಯ ಸುಖೇಶ್ವಾಲಾ ಅವರು ಉದಾಸ್ ಅವರೊಡನೆ ಗುಜರಾತಿನ ಅಂಬಾ ಡೊಂಗರ್‌ನಲ್ಲಿ ಇಂಥ ಶಿಲೆಗಳನ್ನು ಗುರುತಿಸಿ 1963ರಲ್ಲಿ ಪ್ರಕಟಿಸುವ ಹೊತ್ತಿಗೆ ಬ್ರೋಗರರ ಪಕ್ಷ ಗೆದ್ದಾಗಿತ್ತು.

1937ರಲ್ಲಿ ಬೋವೆನ್ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋಗಿ ಹತ್ತು ವರ್ಷ ಅಲ್ಲಿದ್ದರು. ಪ್ರಯೋಗಾತ್ಮಕ ಶಿಲಾಶಾಸ್ತ್ರವನ್ನು ವಿಶ್ವವಿದ್ಯಾಲಯದ ಪಾಠಕ್ರಮದೊಳಗೆ ತಂದದ್ದು ಈ ಅವಧಿಯ ಸಾಧನೆ. ಆಫ್ರಿಕದ ಬಿರುಕು ಕಣಿವೆಗಳ ಲಾವಾಗಳನ್ನು ಕುರಿತು 1938ರಲ್ಲಿ ಬರೆದರು. ಸುಣ್ಣಕಲ್ಲು ಮತ್ತು ಡಾಲೊಮೈಟ್ ಕಾವಿಗೆ ಸಿಕ್ಕಿ ರೂಪಾಂತರವಾಗುವ ಹಂತಗಳನ್ನು ಉಷ್ಣತೆ ಒತ್ತಡಗಳ ಚೌಕುಳಿಯಲ್ಲಿ ಗುರುತಿಸುವ ವಿಧಾನವನ್ನು 1940ರಲ್ಲಿ ಸೂಚಿಸಿದರು. ಅದು ರೂಪಾಂತರ ಶಿಲೆಗಳ ಅಧ್ಯಯನಕ್ಕೆ ಹಾಕಿಕೊಟ್ಟ ಹೊಸ ಹಾದಿ, ಮತ್ತು ಇನ್ನೊಂದು ದೀರ್ಘ ಲೇಖನಕ್ಕೆ ವಸ್ತು.

ಅವರ ಬದುಕಿನ ದೊಡ್ಡ ಹೋರಾಟ ಗ್ರಾನೈಟಿನದು. 1940ರ ದಶಕದಲ್ಲಿ ಇಂಗ್ಲೆಂಡಿನ ಎಚ್. ಎಚ್. ರೀಡ್ ಮೊದಲಾದವರು, ಗ್ರಾನೈಟಿನ ಬಹುಪಾಲು ಶಿಲಾರಸದಿಂದ ಹುಟ್ಟಿದ್ದೇ ಅಲ್ಲ, ಹಳೆಯ ಶಿಲೆಗಳೇ ಘನಸ್ಥಿತಿಯಲ್ಲಿ ದ್ರಾವಣಗಳನ್ನು ಹೀರಿ ಗ್ರಾನೈಟಾಗಿ ಮಾರ್ಪಟ್ಟಿವೆ ಎಂಬ ವಾದವನ್ನು ಬಲವಾಗಿ ಎತ್ತಿದರು. ಅವರ ಬಳಿ ಕ್ಷೇತ್ರಸಾಕ್ಷ್ಯ ಹೇರಳವಾಗಿತ್ತು. ಬಸಾಲ್ಟಿನಿಂದ ಗ್ರಾನೈಟ್ ಹುಟ್ಟುವುದಾದರೂ ಸಿಗುವುದು ಅಲ್ಪಾಂಶ ಮಾತ್ರ; ಖಂಡಗಳಲ್ಲಿ ಕಾಣುವ ಗ್ರಾನೈಟಿನ ರಾಶಿಗೆ ತಕ್ಕ ಬಸಾಲ್ಟಿನ ಶೇಷ ಎಲ್ಲಿ ಎಂಬ ಅವರ ಪ್ರಶ್ನೆ ನ್ಯಾಯವಾದುದೇ ಆಗಿತ್ತು. 1947ರ ಡಿಸೆಂಬರಿನಲ್ಲಿ ಒಟ್ಟಾವದಲ್ಲಿ ಅಮೆರಿಕದ ಭೂವೈಜ್ಞಾನಿಕ ಸಂಘ ಏರ್ಪಡಿಸಿದ ಗೋಷ್ಠಿಯಲ್ಲಿ ಎರಡೂ ಪಕ್ಷಗಳು ಎದುರುಬದುರಾದವು. ಹಿಂದಿನ ವರ್ಷ ಅದೇ ಸಂಘದ ಅಧ್ಯಕ್ಷರಾಗಿದ್ದ ಬೋವೆನ್, ಒಂದು ಪಕ್ಷವನ್ನು ಶಿಲಾರಸದ ಮಠಾಧಿಪತಿಗಳೆಂಬಂತೆಯೂ ಇನ್ನೊಂದನ್ನು ದ್ರಾವಣದಲ್ಲಿ ನೆನೆದವರೆಂಬಂತೆಯೂ ಹೆಸರಿಸಿ, ತಮ್ಮ ಪಕ್ಷವನ್ನೂ ಬಿಡದೆ ನಗೆಯಾಡಿದರು.

ನಗೆಯಿಂದ ವಿವಾದ ತೀರದು. ಅದೇ ವರ್ಷ ವಾಷಿಂಗ್ಟನ್ನಿನ ಪ್ರಯೋಗಾಲಯಕ್ಕೆ ಮರಳಿದ್ದ ಬೋವೆನ್, ಫ್ರಾಂಕ್ ಟಟಲ್ ಎಂಬ ಚತುರ ಪ್ರಯೋಗಕಾರರೊಡನೆ ಹೊಸ ಕೆಲಸಕ್ಕೆ ತೊಡಗಿದರು. ಹಿಂದೆ ತಾವು ಭೂತವೆಂದು ಹಾಸ್ಯಮಾಡಿದ್ದ ನೀರನ್ನೇ ಈಗ ಅಳತೆಗೆ ಒಳಪಡಿಸಿದ್ದು ವಿಶೇಷ. ಟಟಲ್ ರೂಪಿಸಿದ ಉಕ್ಕಿನ ಸಣ್ಣ ಪಾತ್ರೆಗಳಲ್ಲಿ ನೀರಿನ ಅಧಿಕ ಒತ್ತಡದಡಿ ಖನಿಜಗಳನ್ನು ಕಾಯಿಸುವುದು ಸಾಧ್ಯವಾಯಿತು. 1949ರ ಮೊದಲ ಫಲಿತಾಂಶಗಳಿಂದಲೇ ಸರ್ಪೆಂಟೈನ್ ಶಿಲೆ ನೀರು ಬೆರೆತ ರಸದಿಂದ ನೇರವಾಗಿ ಹುಟ್ಟುತ್ತದೆಂಬ ಕಲ್ಪನೆ ಬಿದ್ದುಹೋಯಿತು. ಬಳಿಕ ಸೋಡಿಯಂ ಫೆಲ್ಡ್‌ಸ್ಪಾರ್, ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್, ಬೆಣಚು, ನೀರು ಈ ನಾಲ್ಕರ ವ್ಯವಸ್ಥೆಯನ್ನು ಕೈಗೆತ್ತಿಕೊಂಡರು. ಗ್ರಾನೈಟೆಂದರೆ ಬಹುಮಟ್ಟಿಗೆ ಇಷ್ಟೇ ತಾನೆ. ಈ ಮಿಶ್ರಣಗಳಲ್ಲಿ ಅತಿ ಕಡಿಮೆ ಉಷ್ಣತೆಯಲ್ಲಿ ಕರಗುವ ರಚನೆ ಯಾವುದೆಂದು ಹುಡುಕಿದರು. ನೀರಿನ ಒತ್ತಡ ಹೆಚ್ಚಿದಂತೆ ಆ ಉಷ್ಣತೆ ಇಳಿಯುತ್ತ 700 ಡಿಗ್ರಿಗೂ ಕೆಳಗೆ ಬರುವುದು ಕಂಡಿತು. ಅದೇ ನಕ್ಷೆಯ ಮೇಲೆ ಲೋಕದ ನಾನಾ ಭಾಗಗಳ ಗ್ರಾನೈಟುಗಳ ರಾಸಾಯನಿಕ ವಿಶ್ಲೇಷಣೆಗಳನ್ನು ಗುರುತಿಸಿದಾಗ ಅವು ಚೆಲ್ಲಾಪಿಲ್ಲಿಯಾಗಿ ಹರಡದೆ ಆ ತಗ್ಗಿನ ಸುತ್ತಲೇ ಗುಂಪುಗೂಡಿದವು. ಘನಸ್ಥಿತಿಯಲ್ಲಿ ಕಲ್ಲು ನೆನೆದು ಮಾರ್ಪಟ್ಟಿದ್ದರೆ ಹೀಗೆ ಗುಂಪುಗೂಡಲು ಕಾರಣವೇ ಇರಲಿಲ್ಲ. ಗ್ರಾನೈಟ್ ದ್ರವವಾಗಿತ್ತೆಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ಆದರೆ ಈ ಸಾಕ್ಷ್ಯ ಬೋವೆನ್ನರ ಹಳೆಯ ಪಕ್ಷಕ್ಕೆ ಮಾತ್ರ ಸಲ್ಲುವಂಥದಲ್ಲ. ಬಸಾಲ್ಟ್ ತಣಿಯುತ್ತ ಇಳಿದು ಬಂದರೂ, ಹಳೆಯ ಮಣ್ಣುಮರಳಿನ ಶಿಲೆಗಳು ಆಳದಲ್ಲಿ ಕಾದು ಕರಗತೊಡಗಿದರೂ ಕೊನೆಗೆ ಅಥವಾ ಮೊದಲಿಗೆ ಸಿಗುವ ದ್ರವ ಅದೇ ತಗ್ಗಿನದು. ಎರಡು ದಾರಿಗಳು ಒಂದೇ ಕಣಿವೆಗೆ ಇಳಿಯುತ್ತವೆ. ಹೀಗಾಗಿ ಖಂಡಗಳ ವಿಶಾಲ ಗ್ರಾನೈಟುಗಳಿಗೆ ಹೊರಪದರದ ಭಾಗಶಃ ಕರಗುವಿಕೆ ಮುಖ್ಯ ಕಾರಣವೆಂಬ ಇಂದಿನ ತಿಳಿವಳಿಕೆಗೂ ಈ ನಕ್ಷೆಯೇ ಬುನಾದಿಯಾಯಿತು. ಹಳೆಯ ಮೈಸೂರಿನ ರಾಮನಗರ ಬೆಟ್ಟಗಳಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಚಾಚಿರುವ, ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟ್ ಗ್ರಾನೈಟನ್ನು ಕುರಿತು ನಡೆದ ಚರ್ಚೆಗಳಲ್ಲಿಯೂ ಕರಗುವಿಕೆಯೋ ಮಾರ್ಪಾಡೋ ಎಂಬ ಇದೇ ಪ್ರಶ್ನೆ ಮರುದನಿಗೊಂಡಿದೆ. ದಖ್ಖನ್ನಿನ ಬಸಾಲ್ಟ್ ಬೋವೆನ್ನರ ಪ್ರಯೋಗಾಲಯಕ್ಕೆ ಅಪರಿಚಿತವಾಗಿರಲಿಲ್ಲ; ಅವರ ಸಹೋದ್ಯೋಗಿ ಹೆನ್ರಿ ವಾಷಿಂಗ್ಟನ್ ಅದರ ವಿಶ್ಲೇಷಣೆಗಳನ್ನು 1922ರಲ್ಲೇ ಪ್ರಕಟಿಸಿದ್ದರು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕರಿಯ ಕಲ್ಲಿನಿಂದ ಮುಂಬೈಯ ಸಾಲ್ಸೆಟ್ಟಿನವರೆಗೆ ಹಬ್ಬಿರುವ ಆ ರಾಶಿಯ ಪಶ್ಚಿಮದ ಅಂಚಿನಲ್ಲಿ ಬಸಾಲ್ಟಿನ ಜೊತೆಗೇ ತಿಳಿಬಣ್ಣದ ರಯೊಲೈಟ್ ಮತ್ತು ಟ್ರಕೈಟುಗಳೂ ಇವೆ. ಗೌಗಾಂಡದಲ್ಲಿ ತರುಣ ಬೋವೆನ್ನರನ್ನು ಕಾಡಿದ ಜೋಡಿಯನ್ನು ನೋಡಲು ಮುಂಬೈಯ ಕನ್ನಡಿಗರು ಉಪನಗರ ರೈಲಿನ ದೂರಕ್ಕಿಂತ ಹೆಚ್ಚು ಹೋಗಬೇಕಿಲ್ಲ.

ಗೌರವಗಳು ಸಾಲುಗಟ್ಟಿ ಬಂದವು: ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, 1944ರಲ್ಲಿ ಪೆನ್‌ರೋಸ್ ಪದಕ, 1949ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದೇಶೀ ಸದಸ್ಯತ್ವ, 1950ರಲ್ಲಿ ರೋಬ್ಲಿಂಗ್ ಮತ್ತು ವೊಲಾಸ್ಟನ್ ಪದಕಗಳು. 1952ರಲ್ಲಿ ನಿವೃತ್ತರಾಗಿ ಫ್ಲಾರಿಡಕ್ಕೆ ಹೋಗಿ ನೆಲೆಸಿದರು. ವಿಶ್ರಾಂತಿ ಒಗ್ಗಲಿಲ್ಲವೆಂದು ಕಾಣುತ್ತದೆ. ಎರಡು ವರ್ಷಗಳೊಳಗೆ ವಾಷಿಂಗ್ಟನ್ನಿಗೆ ಹಿಂದಿರುಗಿ ಪ್ರಯೋಗಾಲಯದಲ್ಲಿ ಸಂಶೋಧನ ಸಹಾಯಕರಾಗಿ ಮತ್ತೆ ಕೂತರು. 1956ರ ಸೆಪ್ಟೆಂಬರ್ 11ರಂದು ಅಲ್ಲಿಯೇ ತೀರಿಕೊಂಡರು. ಗ್ರಾನೈಟಿನ ಪ್ರಯೋಗಗಳ ಪೂರ್ಣ ವರದಿ ಆಗಿನ್ನೂ ಹೊರಬಂದಿರಲಿಲ್ಲ. ಟಟಲ್ ಅದನ್ನು ಪೂರೈಸಿದರು. 1958ರಲ್ಲಿ ಭೂವೈಜ್ಞಾನಿಕ ಸಂಘದ 74ನೆಯ ಮಹಾಪ್ರಬಂಧವಾಗಿ, ಟಟಲ್ ಮತ್ತು ಬೋವೆನ್ ಇಬ್ಬರ ಹೆಸರಿನಲ್ಲಿ, ಅದು ಪ್ರಕಟವಾಯಿತು.